ದಾರಿ ಬಿಡಬೇಕಾದವರು ಯಾರು?

ಮಂಗಳೂರಿನಿಂದ ಕೊಯಮುತ್ತೂರಿಗೆ ಹೋಗುವ ರೈಲು ಕಾಸರಗೋಡು, ಕಣ್ಣೂರು, ಕೋಝಿಕ್ಕೋಡುಗಳನ್ನು ದಾಟಿ, ಶೋರನೂರಿನ ಬಳಿ ಪೂರ್ವಕ್ಕೆ ತಿರುಗಿ, ಪಾಲಕ್ಕಾಡಿನ ಆಚೆ ವಾಳಯಾರಿನ ಕಾಡನ್ನು ಹಾದು ಪೋದನೂರು ಜಂಕ್ಷನನ್ನು ಸೇರುತ್ತದೆ. ಪೋದನೂರಿನ ಮಗ್ಗುಲಿನಲ್ಲಿರುವ ಊರೇ ಕುರಿಚಿ. ಹಿಂದೆ ಅದಕ್ಕೆ ತನ್ನದೇ ಆದ ಪುರಸಭೆಯಿತ್ತು. 2011ರಲ್ಲಿ ಅದು ಕೊಯಮುತ್ತೂರು ಮಹಾನಗರಪಾಲಿಕೆಯಲ್ಲಿ ಲೀನವಾಯಿತು. ಪೊಳ್ಳಾಚಿ ರಸ್ತೆ, ಕೈಗಾರಿಕಾ ವಸಾಹತು, ನೊಯ್ಯಲ್ ನದಿಯ ನೀರುಣ್ಣುವ ದೊಡ್ಡ ಕೆರೆ, ಆ ಕೆರೆಯ ದಂಡೆಯಲ್ಲಿ ತಮಿಳು ಅಕ್ಷರಗಳನ್ನೇ ಜೋಡಿಸಿ ಮಾಡಿದ ತಿರುವಳ್ಳುವರರ ಪ್ರತಿಮೆ – ಇವು ಇಂದಿನ ಕುರಿಚಿಯ ಗುರುತುಗಳು. ಹಳೆಯ ತಮಿಳಿನಲ್ಲಿ ಬೆಟ್ಟದ ಸೀಮೆಯ ಹಳ್ಳಿಗೆ ‘ಕುರಿಚ್ಚಿ’ ಎಂದು ಹೆಸರು. ಈಗ ಅಲ್ಲಿ ಕಾರ್ಖಾನೆಗಳ ಸದ್ದು ಕೇಳಿಸುತ್ತದೆಯಾದರೂ ಪಶ್ಚಿಮಕ್ಕೆ ಕಣ್ಣು ಹಾಯಿಸಿದರೆ ಮಧುಕ್ಕರೆಯ ಬೆಟ್ಟಗಳೂ ಅದರ ಹಿಂದಿನ ಪಶ್ಚಿಮ ಘಟ್ಟವೂ ಕಾಣುತ್ತವೆ. ಹೆಸರು ಸುಳ್ಳಾಗಿಲ್ಲ.

ಆದಿತ್ಯವಾರ ಮುಂಜಾನೆ, ತಲೆಗೆ ಹೆಲ್ಮೆಟ್ಟು ತೊಟ್ಟ ಸೈಕಲು ಸವಾರರ ಗುಂಪುಗಳು ಕೊಯಮುತ್ತೂರಿನ ಸುತ್ತಲಿನ ಬೆಟ್ಟದ ತಪ್ಪಲಿಗೆ ಹೊರಡುವುದು ಈಗ ದಿನಬಳಕೆಯ ನೋಟವಾಗಿದೆ. ಇವರ ಸೈಕಲು ನಮ್ಮ ಹಾಲಿನವರ, ಅಂಚೆಯವರ ಸೈಕಲಿನಂಥದಲ್ಲ. ದಪ್ಪ ಟಯರು, ಮುಂದಿನ ಚಕ್ರಕ್ಕೆ ಸ್ಪ್ರಿಂಗು, ಹತ್ತಾರು ಗೇರು, ಕಲ್ಲುಬೇರುಗಳ ಮೇಲೆ ಹಾರುತ್ತ ಇಳಿಯುವ ಚಟ. ನಮ್ಮ ಮನೆಗಳ ಹುಡುಗ ಹುಡುಗಿಯರು ಓದಿಗೂ ಉದ್ಯೋಗಕ್ಕೂ ಕೊಯಮುತ್ತೂರು, ಬೆಂಗಳೂರುಗಳಿಗೆ ಹೋಗುವುದು ಹೊಸತಲ್ಲ. ಅವರಲ್ಲಿ ಕೆಲವರು ಈ ಹೊಸ ಹವ್ಯಾಸವನ್ನೂ ಹಚ್ಚಿಕೊಂಡಿದ್ದಾರೆ. ವ್ಯಾಯಾಮವಾಯಿತು, ಸ್ವಚ್ಛ ಗಾಳಿಯಾಯಿತು, ಪೆಟ್ರೋಲಿನ ಖರ್ಚಿಲ್ಲ, ಸಂತೋಷದ ಮಾತೇ. ಆದರೆ ಕಾಡಿನ ದಾರಿಯಲ್ಲಿ ಸೈಕಲು ಒಂದೇ ಓಡಾಡುವುದಿಲ್ಲ. ಎದುರಿನಿಂದ ಕುದುರೆ ಬರಬಹುದು, ದನದ ಹಿಂಡು ಬರಬಹುದು, ಸೌದೆಹೊರೆ ಹೊತ್ತ ಹೆಂಗಸು ಬರಬಹುದು, ಆನೆಯೂ ಬರಬಹುದು. ಆಗ ಯಾರು ಯಾರಿಗೆ ದಾರಿ ಬಿಡಬೇಕು? ಪ್ರಶ್ನೆ ಸಣ್ಣದೆಂದು ತೋರುತ್ತದೆ. ಆದರೆ ಇದಕ್ಕೆ ಸರಿಯಾದ ಉತ್ತರ ಸಿಗದ ಕಡೆಗಳಲ್ಲಿ ದಾರಿಯೇ ಮುಚ್ಚಿಹೋದದ್ದುಂಟು.

ಗ್ರೀಸು ಸುಡುತ್ತಿದ್ದ ಇಳಿಜಾರು

ಪ್ರಶ್ನೆ ಮೊದಲು ಎದ್ದದ್ದು ನಮ್ಮಲ್ಲಲ್ಲ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಸಾನ್‌ಫ್ರಾನ್ಸಿಸ್ಕೋ ನಗರದ ಉತ್ತರಕ್ಕೆ ಮರಿನ್ ಎಂಬ ಕೌಂಟಿ ಇದೆ. ಅಲ್ಲಿನ ಟಮಲ್ಪಾಯಸ್ ಬೆಟ್ಟದ ಆಸುಪಾಸಿನ ಕೆಲವು ಯುವಕರು 1970ರ ದಶಕದಲ್ಲಿ ಗುಜರಿ ಸೇರಿದ್ದ ಹಳೆಯ ದಪ್ಪ ಟಯರಿನ ಸೈಕಲುಗಳನ್ನು ಹುಡುಕಿ ತಂದು ಬೆಟ್ಟದ ಮಣ್ಣುದಾರಿಯಲ್ಲಿ ಇಳಿಯತೊಡಗಿದರು. 1976ರ ಅಕ್ಟೋಬರ್ 21ರಂದು ಅಲ್ಲೊಂದು ಪಂದ್ಯ ನಡೆಯಿತು. ಅದಕ್ಕೆ ‘ರಿಪ್ಯಾಕ್’ ಎಂದು ಹೆಸರು ಬಿತ್ತು. ಕಾರಣ ಸ್ವಾರಸ್ಯದ್ದು: ಸುಮಾರು ಮೂರೂವರೆ ಕಿಲೋಮೀಟರು ದೂರದಲ್ಲಿ 400 ಮೀಟರಿನಷ್ಟು ಕೆಳಗಿಳಿಯುವ ಆ ದಾರಿಯಲ್ಲಿ ಹಿಂದಿನ ಚಕ್ರದೊಳಗಿನ ಬ್ರೇಕು ಕಾದು ಕೆಂಪಾಗಿ ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು, ಪ್ರತಿ ಸಲವೂ ಹೊಸದಾಗಿ ಗ್ರೀಸು ತುಂಬಬೇಕಾಗುತ್ತಿತ್ತು. ಮರುವರ್ಷವೇ ಅವರಲ್ಲೊಬ್ಬನಾದ ಜೋ ಬ್ರೀಝ್ ಬೆಟ್ಟಕ್ಕೆಂದೇ ಹೊಸ ಚೌಕಟ್ಟಿನ ಸೈಕಲು ಕಟ್ಟಿದ. 1979ರಲ್ಲಿ ಗ್ಯಾರಿ ಫಿಷರ್ ಮತ್ತು ಚಾರ್ಲಿ ಕೆಲ್ಲಿ ಇದನ್ನೇ ವ್ಯಾಪಾರವಾಗಿ ಆರಂಭಿಸಿದರು. 1981ರ ಹೊತ್ತಿಗೆ ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ತಯಾರಾಗತೊಡಗಿದ ಬೆಟ್ಟದ ಸೈಕಲು, 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಪದಕದ ಆಟವಾಯಿತು.

ಆದರೆ ಟಮಲ್ಪಾಯಸ್ ಬೆಟ್ಟದಲ್ಲಿ ಈ ಯುವಕರಿಗಿಂತ ಬಹಳ ಹಿಂದಿನಿಂದಲೂ ನಡೆಯುವವರಿದ್ದರು, ಕುದುರೆ ಸವಾರರಿದ್ದರು. ತಿರುವಿನಲ್ಲಿ ಸದ್ದಿಲ್ಲದೆ ಬಂದೆರಗುವ ಸೈಕಲಿಗೆ ಕುದುರೆಗಳು ಬೆದರಿದವು, ಸವಾರರು ಬಿದ್ದರು, ದೂರುಗಳು ಹೋದವು. ಆ ಸೀಮೆಯ ನೀರು ಸರಬರಾಜಿನ ಆಡಳಿತವು ತನ್ನ ಕಾಡಿನ ಇಕ್ಕಟ್ಟಾದ ಕಾಲುದಾರಿಗಳಿಗೆ ಸೈಕಲು ಕೂಡದೆಂದು ವಿಧಿಸಿತು. ಅಗಲವಾದ ಬೆಂಕಿರಸ್ತೆಗಳಲ್ಲಿ ಗಂಟೆಗೆ 15 ಮೈಲಿಯ ಮಿತಿ, ಇತರರನ್ನು ದಾಟುವಾಗಲೂ ಕಣ್ಣಿಗೆ ಕಾಣದ ತಿರುವುಗಳಲ್ಲೂ 5 ಮೈಲಿ ಎಂದು ಗೊತ್ತುಪಡಿಸಿತು. 1984ರಲ್ಲಿ ಅಮೆರಿಕದ ಅರಣ್ಯ ಇಲಾಖೆಯು ‘ವನ್ಯಪ್ರದೇಶ’ವೆಂದು ಘೋಷಿಸಲ್ಪಟ್ಟ ತನ್ನ ಎಲ್ಲ ಕಾಡುಗಳಲ್ಲಿಯೂ ಸೈಕಲನ್ನು ನಿಷೇಧಿಸಿತು. ಅಂದರೆ, ಬೆಟ್ಟದ ಸೈಕಲು ಹುಟ್ಟಿದ ಊರಿನಲ್ಲಿಯೇ ಅದಕ್ಕೆ ಬೆಟ್ಟದ ಬಾಗಿಲು ಮುಚ್ಚಿತು!

ಕಣ್ಣು ತೆರೆದ ಸೈಕಲು ಸವಾರರು 1988ರಲ್ಲಿ ಅಂತರರಾಷ್ಟ್ರೀಯ ಸಂಘವೊಂದನ್ನು ಕಟ್ಟಿ ತಮಗೆ ತಾವೇ ನಿಯಮ ಹಾಕಿಕೊಂಡರು. ಅಲ್ಲಿನ ದಾರಿಗಳ ಮೊದಲಲ್ಲಿ ಇಂದಿಗೂ ತ್ರಿಕೋನಾಕಾರದ ಹಳದಿ ಫಲಕವೊಂದು ಕಾಣುತ್ತದೆ. ಸೈಕಲಿನವನು ಎಲ್ಲರಿಗೂ ದಾರಿ ಬಿಡಬೇಕು. ನಡೆಯುವವನು ಕುದುರೆಗೆ ದಾರಿ ಬಿಡಬೇಕು. ಕುದುರೆಗೆ ಎಲ್ಲರೂ ದಾರಿ ಬಿಡಬೇಕು – ಇಷ್ಟೇ ಅದರ ಅರ್ಥ.

ಕುದುರೆಯ ಕಣ್ಣಿನಿಂದ ನೋಡಿದರೆ

ಕುದುರೆಗೇಕೆ ಇಷ್ಟು ಮರ್ಯಾದೆ? ಅದು ಸಿರಿವಂತರ ವಾಹನವೆಂದೇ? ಹಾಗಲ್ಲ. ಕುದುರೆ ಬೇಟೆಗೊಳಗಾಗುವ ಪ್ರಾಣಿ. ಹುಲ್ಲುಗಾವಲಿನಲ್ಲಿ ಸಾವಿರಾರು ತಲೆಮಾರು ಅದು ಬದುಕುಳಿದದ್ದು ಓಟದಿಂದ. ಅದರ ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿರುವುದರಿಂದ ಸುತ್ತಲಿನ ಸುಮಾರು 350 ಡಿಗ್ರಿಯಷ್ಟನ್ನು ಅದು ನೋಡಬಲ್ಲುದು. ಕಾಣದಿರುವುದು ಬೆನ್ನ ಹಿಂದಿನ ನೇರ ಭಾಗ ಮತ್ತು ಮೂಗಿನ ಮುಂದಿನ ಸ್ವಲ್ಪ ಜಾಗ ಮಾತ್ರ. ಸದ್ದಿಲ್ಲದ ಸೈಕಲು ಬರುವುದು ಹೆಚ್ಚಾಗಿ ಆ ಬೆನ್ನ ಹಿಂದಿನಿಂದಲೇ. ಮೋಟಾರು ದೂರದಿಂದಲೇ ತನ್ನ ಬರವನ್ನು ಸಾರುತ್ತದೆ, ಮನುಷ್ಯನ ನಡಿಗೆ ನಿಧಾನ. ಆದರೆ ಸೈಕಲು ಹುಲಿಯಂತೆ – ವೇಗ ಹೆಚ್ಚು, ಸದ್ದು ಕಡಿಮೆ, ಮೈ ಬಗ್ಗಿಸಿ ಕುಳಿತ ಸವಾರ. ಕುದುರೆಯ ಮನಸ್ಸಿಗೆ ಅದು ಹಿಂಸ್ರಪಶುವಿನ ಚಲನೆಯಂತೆಯೇ ತೋರಿದರೆ ಆಶ್ಚರ್ಯವೇನು? ಅದು ಯೋಚಿಸಲು ನಿಲ್ಲುವುದಿಲ್ಲ. ಮೊದಲು ಓಡುತ್ತದೆ, ಆಮೇಲೆ ತಿರುಗಿ ನೋಡುತ್ತದೆ. ಬೆನ್ನ ಮೇಲೆ ಕುಳಿತವನ ತಲೆ ನೆಲದಿಂದ ಎಂಟು ಅಡಿ ಎತ್ತರದಲ್ಲಿರುತ್ತದೆ ಎಂಬುದನ್ನು ನೆನಪಿಟ್ಟರೆ ಅಪಾಯದ ಅಳತೆ ತಿಳಿಯುತ್ತದೆ.

ಪರಿಹಾರ ಕಷ್ಟದ್ದಲ್ಲ. ದೂರದಿಂದಲೇ ಮಾತನಾಡಿಸಬೇಕು. ಗಂಟೆಯ ಸದ್ದಿಗಿಂತಲೂ ಮನುಷ್ಯನ ಸ್ವರ ಕುದುರೆಗೆ ಹೆಚ್ಚು ಪರಿಚಿತ. ಎದುರಾದರೆ ಸೈಕಲಿನಿಂದ ಇಳಿದು ನಿಲ್ಲಬೇಕು. ಬೆಟ್ಟದ ಓರೆಯಲ್ಲಿ ನಿಲ್ಲುವಾಗ ತಗ್ಗಿನ ಬದಿಯಲ್ಲಿ ನಿಲ್ಲುವುದು ಮೇಲು. ಬೆದರಿದ ಕುದುರೆ ಸಾಮಾನ್ಯವಾಗಿ ಏರಿನ ಕಡೆಗೆ ಓಡುತ್ತದೆ, ಮತ್ತು ಮೇಲಿನಿಂದ ಬಾಗಿ ನೋಡುವ ಆಕೃತಿ ಅದಕ್ಕೆ ಹುಲಿಯಂತೆ ಕಾಣುತ್ತದೆ. ಪೊದೆಯ ಮರೆಯಲ್ಲಿ ಅಡಗಿ ನಿಲ್ಲುವುದು ಸೌಜನ್ಯವೆಂದು ಕೆಲವರು ಭಾವಿಸುತ್ತಾರೆ. ಕುದುರೆಯ ಲೆಕ್ಕದಲ್ಲಿ ಅದು ಹೊಂಚು.

ಕುದುರೆ ಸವಾರನಿಗೂ ಕರ್ತವ್ಯಗಳಿಲ್ಲದಿಲ್ಲ. ತಿರುವಿನಲ್ಲಿ ನಡಿಗೆಯ ವೇಗಕ್ಕೆ ಇಳಿಯಬೇಕು. ಬೆದರುವ ಕುದುರೆಯನ್ನು ಜನಸಂದಣಿಯ ದಾರಿಗೆ ತರಬಾರದು. ನಿಂತು ದಾರಿ ಬಿಟ್ಟವನಿಗೆ ಒಂದು ಮಾತು ಕೃತಜ್ಞತೆ ಹೇಳಬೇಕು. ಇದರಿಂದ ಕಳಕೊಳ್ಳುವುದೇನೂ ಇಲ್ಲ.

ಕಾಯಿದೆ ಏನೆನ್ನುತ್ತದೆ?

ಇಂಗ್ಲೆಂಡಿನಲ್ಲಿ ಕುದುರೆ ಸವಾರರಿಗೆಂದೇ ಶತಮಾನಗಳಿಂದ ಉಳಿದುಬಂದ ಹಳ್ಳಿಗಾಡಿನ ಹಾದಿಗಳಿವೆ. 1968ರ ಗ್ರಾಮಾಂತರ ಕಾಯಿದೆಯ 30ನೆಯ ಸೆಕ್ಷನ್ನು ಈ ಹಾದಿಗಳಲ್ಲಿ ಸೈಕಲು ಹೊಡೆಯುವ ಹಕ್ಕು ಕೊಟ್ಟಿತು. ಆದರೆ ಆ ಹಕ್ಕಿಗೆ ಒಂದು ಷರತ್ತನ್ನೂ ಕಟ್ಟಿತು: ಸೈಕಲಿನವನು ನಡೆಯುವವರಿಗೂ ಕುದುರೆಯವರಿಗೂ ದಾರಿ ಬಿಡತಕ್ಕದ್ದು. ಬೆಟ್ಟದ ಸೈಕಲು ಹುಟ್ಟುವುದಕ್ಕೆ ಎಂಟು ವರ್ಷ ಮೊದಲೇ ಬರೆದಿಟ್ಟ ಈ ಒಂದು ವಾಕ್ಯದಿಂದ ಅಲ್ಲಿ ಎಷ್ಟೋ ಜಗಳಗಳು ತಪ್ಪಿದವು. 2022ರ ಜನವರಿಯಲ್ಲಿ ಬ್ರಿಟನ್ನಿನ ರಸ್ತೆ ನಿಯಮಾವಳಿಯನ್ನು ತಿದ್ದಿದಾಗ ಇದೇ ತತ್ತ್ವವನ್ನು ಎಲ್ಲ ರಸ್ತೆಗಳಿಗೂ ವಿಸ್ತರಿಸಿದರು. ಯಾರು ಹೆಚ್ಚು ಕೇಡು ಮಾಡಬಲ್ಲರೋ ಅವರ ಮೇಲೆ ಹೆಚ್ಚು ಹೊಣೆ. ಲಾರಿಗೆ ಕಾರಿಗಿಂತ, ಕಾರಿಗೆ ಸೈಕಲಿಗಿಂತ, ಸೈಕಲಿಗೆ ನಡೆಯುವವನಿಗಿಂತ. ಕುದುರೆಯನ್ನು ದಾಟುವ ಮೋಟಾರು ಗಂಟೆಗೆ 10 ಮೈಲಿಗಿಂತ ನಿಧಾನವಾಗಿ, ಕನಿಷ್ಠ 2 ಮೀಟರು ಅಂತರ ಬಿಟ್ಟು ಹೋಗಬೇಕು.

ನಮ್ಮ ದೇಶದ ಕಾಯಿದೆಯಲ್ಲಿ ಇಂಥದೇನೂ ಇಲ್ಲವೆಂದು ತಿಳಿದವರು ಹಲವರು. ಹಾಗಲ್ಲ. 1988ರ ಮೋಟಾರು ವಾಹನ ಕಾಯಿದೆಯ 132ನೆಯ ಸೆಕ್ಷನ್ನನ್ನು ಓದಿ ನೋಡಬೇಕು. ಪ್ರಾಣಿಯೊಂದನ್ನು ನಡೆಸಿಕೊಂಡು ಹೋಗುವವನು, ಅದು ವಾಹನಕ್ಕೆ ಬೆದರಿ ಹತೋಟಿ ತಪ್ಪೀತೆಂಬ ಭಯದಿಂದ ನಿಲ್ಲಿಸೆಂದು ಕೇಳಿದರೆ ಚಾಲಕನು ವಾಹನವನ್ನು ನಿಲ್ಲಿಸಲೇಬೇಕು. 1939ರ ಹಳೆಯ ಕಾಯಿದೆಯಲ್ಲಿಯೂ ಇದೇ ಮಾತಿತ್ತು. ಎತ್ತು ಹೊಡೆಯುವವನ ಕೈಸನ್ನೆಗೆ ಬಸ್ಸು ನಿಲ್ಲಬೇಕೆಂಬುದು ನಮ್ಮ ನೆಲದ ಕಾನೂನು! ಅದು ಮೋಟಾರಿಗೆ ಹೇಳಿದ ಮಾತು, ಸೈಕಲಿಗಲ್ಲ ಎಂದು ವಾದಿಸಬಹುದು. ಅಕ್ಷರಶಃ ನಿಜ. ಆದರೆ ಕಾಡಿನ ಎರಡಡಿ ದಾರಿಯಲ್ಲಿ ಇಳಿಜಾರು ಹಿಡಿದ ಸೈಕಲಿಗೂ ರಸ್ತೆಯ ಮೋಟಾರಿಗೂ ದನದ ಪಾಲಿಗೆ ವ್ಯತ್ಯಾಸವೇನಿದೆ?

ಕೊಯಮುತ್ತೂರಿನ ಕುದುರೆದಾರಿ, ಬರ್ಗೂರಿನ ದನದ ದಾರಿ

ಕೊಯಮುತ್ತೂರು ಸೀಮೆಗೆ ಕುದುರೆದಾರಿ ಹೊಸತಲ್ಲ. ನೀಲಗಿರಿಗೆ ಮೋಟಾರು ರಸ್ತೆ, ರೈಲುಗಳಾಗುವ ಮುನ್ನ, ಕೊಯಮುತ್ತೂರಿನ ಕಲೆಕ್ಟರನಾಗಿದ್ದ ಜಾನ್ ಸಲಿವನ್ 1819ರಲ್ಲಿ ಬೆಟ್ಟ ಹತ್ತಿದ. ಮುಂದೆ 1823ರ ಹೊತ್ತಿಗೆ ಬಯಲಿನ ಸಿರುಮುಗೈಯಿಂದ ಕೋತಗಿರಿ ಬಳಿಯ ದಿಂಬಟ್ಟಿಗೆ ಕುದುರೆ ಹೋಗುವಂಥ ದಾರಿ ಸಿದ್ಧವಾಯಿತು. ದಿಂಬಟ್ಟಿ ಬಡಗರ ಹಳ್ಳಿ. ಅವರಾಡುವ ನುಡಿ ನಮ್ಮ ಕನ್ನಡಕ್ಕೆ ತೀರ ಹತ್ತಿರದ್ದು. ಇಂದು ಊಟಿಯ ಕೆರೆಯ ಬಳಿ ಪ್ರವಾಸಿಗಳನ್ನು ಹೊತ್ತು ತಿರುಗುವ ಕುದುರೆಗಳೇ ಆ ಸೀಮೆಯ ಕುದುರೆ ಎಂದು ನಮ್ಮವರು ತಿಳಿದಿದ್ದಾರೆ. ಆದರೆ ಕುದುರೆಗಳನ್ನು ಕಾಣಬೇಕಾದರೆ ಹೋಗಬೇಕಾದದ್ದು ಅಂತಿಯೂರಿಗೆ.

ಈರೋಡು ಜಿಲ್ಲೆಯ ಅಂತಿಯೂರಿನಲ್ಲಿ ಗುರುನಾಥಸ್ವಾಮಿಯ ದೇವಸ್ಥಾನವಿದೆ. ತಮಿಳರ ಆಡಿ ತಿಂಗಳಲ್ಲಿ, ಎಂದರೆ ನಮ್ಮ ಆಟಿಯ ದಿನಗಳಲ್ಲಿಯೇ, ಅಲ್ಲಿ ನಡೆಯುವ ಜಾತ್ರೆಯಲ್ಲಿ ಕುದುರೆ ಮತ್ತು ದನಗಳ ದೊಡ್ಡ ಸಂತೆ ಕೂಡುತ್ತದೆ. ಮಾರವಾಡ, ಕಾಠಿಯಾವಾಡ ತಳಿಯ ಕುದುರೆಗಳು ಅಲ್ಲಿಗೆ ಬರುತ್ತವೆ. ಅದೇ ಸಂತೆಯಲ್ಲಿ ಕಂದು ಮೈಯ ಮೇಲೆ ಬಿಳಿಯ ಮಚ್ಚೆಗಳುಳ್ಳ, ಬಿರುಸಿನ ದನಗಳೂ ಕಾಣುತ್ತವೆ. ಅವು ಬರ್ಗೂರು ತಳಿ. ಅಂತಿಯೂರಿನಿಂದ ಘಾಟಿ ಹತ್ತಿ ಕೊಳ್ಳೇಗಾಲದ ಕಡೆಗೆ ಹೋಗುವ ದಾರಿಯಲ್ಲಿ ಬರುವ ಬರ್ಗೂರು ಬೆಟ್ಟಗಳಲ್ಲಿ ಅವನ್ನು ತಲೆತಲಾಂತರದಿಂದ ಸಾಕುತ್ತ ಬಂದವರು ಮನೆಯಲ್ಲಿ ಕನ್ನಡವಾಡುವ ಲಿಂಗಾಯತರು. ಕಾಡಿನೊಳಗೆ ದೊಡ್ಡಿಗಳನ್ನು ಕಟ್ಟಿ, ಹಿಂಡುಹಿಂಡಾಗಿ ಮೇಯಿಸಿ ಬೆಳೆಸಿದ ತಳಿಯಿದು. ನಡಿಗೆಯ ವೇಗದಲ್ಲಿಯೂ ತಾಳಿಕೆಯಲ್ಲಿಯೂ ಹೆಸರಾದದ್ದು. ಜತೆಗೆ ಅಪರಿಚಿತರನ್ನು ಕಂಡರೆ ದೂರ ಸರಿಯುವ, ಬೇಗ ಬೆದರುವ ಸ್ವಭಾವ.

ಇಲ್ಲಿ ನಮ್ಮ ಪ್ರಶ್ನೆ ನಿಜವಾದ ರೂಪ ತಾಳುತ್ತದೆ. ಬರ್ಗೂರಿನ ಕಾಡುದಾರಿಗಳನ್ನು ಯಾವ ಇಂಜಿನಿಯರನೂ ಗೆರೆ ಎಳೆದು ಮಾಡಿದ್ದಲ್ಲ. ದನದ ಗೊರಸು ಮಾಡಿದ್ದು. ಅಂಥ ದಾರಿಯಲ್ಲಿ ಪಟ್ಟಣದ ಸವಾರನೊಬ್ಬ ವಿನೋದಕ್ಕೆಂದು ಇಳಿದು ಬಂದು, ನೂರು ದನದ ಹಿಂಡನ್ನು ಚೆದರಿಸಿ, ‘ದಾರಿ ಎಲ್ಲರದಲ್ಲವೇ?’ ಎಂದು ಕೇಳಿದರೆ ಏನು ಹೇಳೋಣ? ಸವಾರನಿಗೆ ಅದು ಒಂದು ಮುಂಜಾನೆಯ ಆಟ. ದನಗಾಹಿಗೆ ಚೆದರಿದ ಹಿಂಡನ್ನು ಕೂಡಿಸುವುದು ಒಂದು ದಿನದ ಕೆಲಸ. ಕಂದಕಕ್ಕೆ ಬಿದ್ದ ಕರು ಒಂದು ವರ್ಷದ ನಷ್ಟ.

ಮೇಲಾಗಿ ಆ ಜನರಿಗೆ ದಾರಿಯ ಚಿಂತೆ ಈಗಾಗಲೇ ಸಾಕಷ್ಟಿದೆ. 2022ರ ಮಾರ್ಚಿನಲ್ಲಿ ಮದ್ರಾಸ್ ಹೈಕೋರ್ಟು ತಮಿಳುನಾಡಿನ ಕಾಡುಗಳಲ್ಲಿ ದನ ಮೇಯಿಸುವುದನ್ನು ನಿಷೇಧಿಸಿ, ಆಮೇಲೆ ಆ ಆಜ್ಞೆಯನ್ನು ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ, ಹುಲಿ ಸಂರಕ್ಷಿತ ಪ್ರದೇಶಗಳಿಗೆ ಮಿತಗೊಳಿಸಿತು. 2024ರ ಜನವರಿಯಲ್ಲಿ ಅಂತಿಯೂರು, ಗೋಬಿಚೆಟ್ಟಿಪಾಳಯಂ ತಾಲೂಕುಗಳ ಸುಮಾರು 80,500 ಹೆಕ್ಟೇರು ಕಾಡು ತಂದೈ ಪೆರಿಯಾರ್ ವನ್ಯಜೀವಿ ಅಭಯಾರಣ್ಯವೆಂದು ಘೋಷಿತವಾಯಿತು. ಮೇವಿನ ಹಕ್ಕು ಏನಾದೀತೆಂದು ಬರ್ಗೂರಿನವರು ಕಳವಳಗೊಂಡದ್ದು ಸಹಜವೇ. 2006ರ ಅರಣ್ಯ ಹಕ್ಕು ಕಾಯಿದೆ ಮೇಯಿಸುವ ಹಕ್ಕನ್ನು ಮಾನ್ಯ ಮಾಡುತ್ತದೆ, ನಿಜ. ಆದರೆ ಪರಿಶಿಷ್ಟ ವರ್ಗಕ್ಕೆ ಸೇರದವರು ಮೂರು ತಲೆಮಾರು, ಎಂದರೆ 75 ವರ್ಷ, ಅಲ್ಲಿ ನೆಲಸಿದ್ದನ್ನು ತೋರಿಸಿಕೊಡಬೇಕು. ದನದ ಹಿಂದೆ ನಡೆದವನ ಬಳಿ ಕಾಗದ ಎಲ್ಲಿಂದ ಬರಬೇಕು? ಹೀಗೆ ರೂಢಿಯ ಬಲವೊಂದರಿಂದಲೇ ದಾರಿಯನ್ನು ಉಳಿಸಿಕೊಂಡವರ ಮುಂದೆ ಹೊಸ ಸವಾರನು ಮೈಬಾಗಿಸಿ ನಿಲ್ಲುವುದು ನ್ಯಾಯವೆನ್ನಬೇಕಾಗುತ್ತದೆ.

ಇಲ್ಲೊಂದು ಚರಿತ್ರೆಯ ಮಾತು. ಬರ್ಗೂರಿನ ಆಚೆಗಿರುವ ಕೊಳ್ಳೇಗಾಲ 1956ರವರೆಗೆ ಕೊಯಮುತ್ತೂರು ಜಿಲ್ಲೆಯ ತಾಲೂಕಾಗಿತ್ತು. ಆ ವರ್ಷದ ನವೆಂಬರ್ 1ರಂದು ಅದು ಮೈಸೂರು ರಾಜ್ಯಕ್ಕೆ ಹೋಯಿತು. ಅದೇ ದಿನ ನಮ್ಮ ಕಾಸರಗೋಡು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಬಂತು. ಗಡಿಯ ಗೆರೆ ಕೊಳ್ಳೇಗಾಲದ ಈಚೆಗೆ ಬಿದ್ದುದರಿಂದ ಬರ್ಗೂರಿನ ಕನ್ನಡಿಗರು ಅಲ್ಲಿಯೇ ಉಳಿದರು. ಅವರ ಸ್ಥಿತಿ ನಮಗೆ ವಿವರಿಸಿ ಹೇಳಬೇಕಾದದ್ದಲ್ಲ.

ಆನೆಗೆ ಯಾರು ಹೇಳಬೇಕು?

ಮತ್ತೆ ಕುರಿಚಿಯ ಕಡೆಗೆ ಬರೋಣ. ಅಲ್ಲಿಂದ ಪಶ್ಚಿಮಕ್ಕೆ ಸೈಕಲು ತಿರುಗಿಸಿದರೆ ಸಿಗುವ ಮಧುಕ್ಕರೆಯ ಕಾಡಿನಲ್ಲಿ ಕುದುರೆ ಸವಾರರಿಲ್ಲ. ಅಲ್ಲಿ ಎದುರಾಗುವುದು ಆನೆ. ವಾಳಯಾರು–ಮಧುಕ್ಕರೆಯ ನಡುವೆ ಕಾಡನ್ನು ಸೀಳಿಹೋಗುವ ರೈಲುಹಾದಿಯಲ್ಲಿ ಎಷ್ಟೋ ಆನೆಗಳು ಸತ್ತಿವೆ. 2021ರ ನವೆಂಬರ್ 26ರ ರಾತ್ರಿ ನವಕ್ಕರೆಯ ಬಳಿ ಮೂರು ಆನೆಗಳು ಪ್ರಾಣ ಕಳಕೊಂಡದ್ದು ಮಂಗಳೂರಿನಿಂದ ಚೆನ್ನೈಗೆ ಹೋಗುತ್ತಿದ್ದ ರೈಲಿಗೆ ಸಿಕ್ಕಿ. ನಮ್ಮ ನಿಲ್ದಾಣದಲ್ಲಿ ನಿಂತು ಹೋದ ರೈಲು ಅದು. 2024ರ ಫೆಬ್ರವರಿಯಿಂದ ಅಲ್ಲಿ ಎತ್ತರದ ಕಂಬಗಳ ಮೇಲೆ ಕ್ಯಾಮರಾಗಳನ್ನು ಹೂಡಿ, ಆನೆ ಹಳಿಯ ಹತ್ತಿರ ಬಂದರೆ ಕಂಪ್ಯೂಟರು ಗುರುತಿಸಿ ರೈಲ್ವೆಗೆ ಸುದ್ದಿ ಮುಟ್ಟಿಸುವ ಏರ್ಪಾಡು ನಡೆದಿದೆ. ಸುದ್ದಿ ಮುಟ್ಟಿದೊಡನೆ ರೈಲಿನ ವೇಗ ತಗ್ಗುತ್ತದೆ. ಸಾವಿರ ಜನರನ್ನು ಹೊತ್ತ ರೈಲೇ ನಿಧಾನಿಸಿ ದಾರಿ ಬಿಡುವುದಾದರೆ, ಒಬ್ಬನನ್ನು ಹೊತ್ತ ಸೈಕಲಿಗೆ ಅವಸರವೇಕೆ?

ಇನ್ನೊಂದು ಘಟನೆಯನ್ನೂ ಮರೆಯುವಂತಿಲ್ಲ. 2018ರ ಮಾರ್ಚ್ 11ರಂದು ತೇನಿ ಜಿಲ್ಲೆಯ ಕುರಂಗಣಿಯಲ್ಲಿ ಚಾರಣಕ್ಕೆ ಹೋದವರು ಕಾಡ್ಗಿಚ್ಚಿಗೆ ಸಿಲುಕಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಮಡಿದರು. ಆ ವರ್ಷವೇ ತಮಿಳುನಾಡು ಸರಕಾರ ಕಾಡಿನ ಚಾರಣಕ್ಕೆ ಪ್ರತ್ಯೇಕ ನಿಯಮಗಳನ್ನು ತಂದಿತು. 2024ರ ಅಕ್ಟೋಬರಿನಲ್ಲಿ ಸರಕಾರವೇ 40 ದಾರಿಗಳನ್ನು ಆರಿಸಿ, ಸ್ಥಳೀಯ ಮಾರ್ಗದರ್ಶಕರೊಂದಿಗೆ ಕಾಲ್ನಡಿಗೆಯಲ್ಲಿ ಹೋಗಲು ಅವಕಾಶ ಮಾಡಿಕೊಟ್ಟಿತು. ಮುಂಗಡವಾಗಿ ಹೆಸರು ನೋಂದಾಯಿಸಬೇಕು, ಶುಲ್ಕ ಕೊಡಬೇಕು. ಇವಿಷ್ಟರ ಹೊರತು ಕಾದಿಟ್ಟ ಅರಣ್ಯದೊಳಗೆ ಅನುಮತಿಯಿಲ್ಲದೆ ಕಾಲಿಟ್ಟರೂ ಸೈಕಲಿಟ್ಟರೂ ಅಪರಾಧವೇ. ‘ಇಲ್ಲಿ ಯಾರೂ ಕೇಳುವುದಿಲ್ಲ’ ಎಂದು ಸ್ನೇಹಿತರು ಹೇಳಿದರೆಂದು ನುಗ್ಗುವ ಹುಡುಗರು, ದಂಡಕ್ಕೆ ಹೆದರದಿದ್ದರೂ ಆನೆಗಾದರೂ ಹೆದರಬೇಕು.

ಮನೆಯವರು ಹೇಳಿಕೊಡಬೇಕಾದದ್ದು

ಬೆಟ್ಟದ ಸೈಕಲು ಬೇಡವೆಂದು ಮಕ್ಕಳಿಗೆ ಹೇಳಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ದೂರವಾಣಿಯ ಪರದೆಯಲ್ಲಿ ಮುಳುಗಿದ ಹುಡುಗ ಬೆಟ್ಟದ ಕಡೆ ಮುಖ ಮಾಡಿದನೆಂದರೆ ಸಂತೋಷಪಡೋಣ. ಆದರೆ ಹೊರಡುವ ಮುನ್ನ ನಾಲ್ಕು ಮಾತು ಕಿವಿಯಲ್ಲಿ ಹಾಕಿ ಕಳಿಸಬೇಕು.

ಮೊದಲನೆಯದು, ಕಾಣುವಷ್ಟೇ ವೇಗ. ಮುಂದೆ ಎಷ್ಟು ದೂರ ಕಣ್ಣಿಗೆ ಕಾಣುತ್ತದೋ ಅದರ ಅರ್ಧದೊಳಗೆ ನಿಲ್ಲಿಸಲು ಬರುವಂತಿರಬೇಕು. ಎದುರಿನಿಂದ ಬರುವವನಿಗೂ ಉಳಿದರ್ಧ ಬೇಕಲ್ಲ!

ಎರಡನೆಯದು, ಬಾಯಿ ಬಿಡಬೇಕು. ತಿರುವಿನ ಮೊದಲೇ ‘ಸೈಕಲು ಬರ್ತಾ ಉಂಟು’ ಎಂದೋ, ಆ ನೆಲದ ಭಾಷೆಯಲ್ಲಿ ಇನ್ನೇನೋ, ಒಂದು ಮಾತು. ಮೂವರು ಹಿಂದೆ ಬರುತ್ತಿದ್ದರೆ ‘ಇನ್ನು ಮೂವರಿದ್ದಾರೆ’ ಎಂದು ತಿಳಿಸಬೇಕು. ಕಿವಿಗೆ ಹಾಡಿನ ಬಿರಡೆ ತುರುಕಿಕೊಂಡು ಕಾಡಿಗೆ ಹೋಗುವವನು ತನ್ನ ಕ್ಷೇಮವನ್ನೂ ಇತರರ ಕ್ಷೇಮವನ್ನೂ ಒಟ್ಟಿಗೆ ಮಾರಿದಂತೆ.

ಮೂರನೆಯದು, ಪ್ರಾಣಿ ಕಂಡರೆ ಇಳಿಯಬೇಕು. ಕುದುರೆಯಿರಲಿ, ದನವಿರಲಿ, ಅದನ್ನು ನಡೆಸುವವನ ಮುಖ ನೋಡಿ ಅವನು ಹೇಳಿದಂತೆ ಕೇಳಬೇಕು. ಆ ಪ್ರಾಣಿಯ ಸ್ವಭಾವ ಅವನಿಗೆ ಗೊತ್ತು.

ನಾಲ್ಕನೆಯದು, ಮಳೆಗಾಲದಲ್ಲಿ ಮಣ್ಣುದಾರಿಗೆ ವಿಶ್ರಾಂತಿ ಕೊಡಬೇಕು. ಒದ್ದೆ ನೆಲದಲ್ಲಿ ಟಯರು ಕೊರೆದ ಗೀರು, ಬ್ರೇಕು ಬಿಗಿದು ಜಾರಿಸಿದ ಚಕ್ರದ ಉಜ್ಜು, ಎರಡೂ ನೀರಿಗೆ ಕಾಲುವೆಯಾಗುತ್ತವೆ. ಒಂದು ಆಟಿಯ ಮಳೆ ಸಾಕು, ಗೀರು ತೋಡಾಗುತ್ತದೆ. ಕುದುರೆಯ ಗೊರಸೂ ಒದ್ದೆ ಮಣ್ಣನ್ನು ತುಳಿದು ಕೆಸರು ಮಾಡುತ್ತದೆಯಾದ್ದರಿಂದ ಈ ಮಾತು ಇಬ್ಬರಿಗೂ ಅನ್ವಯಿಸುತ್ತದೆ. ಮುರಕಲ್ಲಿನ ಗುಡ್ಡೆಗಳ ಮೇಲೆ ಬಾಳಿದ ನಮಗೆ ಮೇಲ್ಮಣ್ಣಿನ ಬೆಲೆ ಗೊತ್ತಿದೆ.

ಹೀಗೆ ಬರೆದರೆ ಹೊಸ ವಿಚಾರವೆನಿಸಬಹುದು. ಆದರೆ ನಮ್ಮ ಹಿರಿಯರಿಗೆ ಇದಾವುದೂ ಹೊಸತಾಗಿರಲಿಲ್ಲ. ಗದ್ದೆಯ ಹುಣಿಯಲ್ಲಿ ಎದುರುಬದುರಾದ ಇಬ್ಬರಲ್ಲಿ ತಲೆಹೊರೆಯವನಿಗೆ ಬರಿಗೈಯವನು ದಾರಿ ಬಿಡುತ್ತಿದ್ದ. ಗದ್ದೆಗಿಳಿದು ಕೆಸರು ತುಳಿದಾದರೂ ಬಿಡುತ್ತಿದ್ದ. ಅಡಿಕೆಮರದ ಸಂಕದಲ್ಲಿ ನಡುವೆ ತಲುಪಿದವನು ದಾಟಿ ಮುಗಿಸುವವರೆಗೆ ಈಚೆಯವನು ಕಾಯುತ್ತಿದ್ದ. ಕಂಬಳದ ಕೋಣಗಳನ್ನು ಕರೆದೊಯ್ಯುವಾಗ ಊರ ಗುರಿಕ್ಕಾರನೂ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದ. ಫಲಕವಿರಲಿಲ್ಲ, ಪೋಲೀಸನಿರಲಿಲ್ಲ. ಹೊರೆ ಯಾರಿಗಿದೆ, ಭಯ ಯಾರಿಗಿದೆ ಎಂದು ನೋಡಿ ನಡೆಯುವ ಬುದ್ಧಿ ಇತ್ತು. ಇಂಗ್ಲೆಂಡಿನ ನಿಯಮಾವಳಿ 2022ರಲ್ಲಿ ಬರೆದುಕೊಂಡದ್ದು ನಮ್ಮ ಹುಣಿಗಳ ಮೇಲೆ ಎಂದಿನಿಂದಲೋ ನಡೆದು ಬಂದಿತ್ತು.

ಒಂದೇ ದಾರಿಯನ್ನು ಹಲವರು ಹಂಚಿಕೊಂಡು ನಡೆಯುವುದು ಹೇಗೆ ಎಂಬುದು ನಮ್ಮ ಜಿಲ್ಲೆಯ ಕನ್ನಡ ಮನೆಗಳಿಗೆ ಕಾಡಿನ ವಿಷಯ ಮಾತ್ರವಲ್ಲ. ಕಚೇರಿಯ ಅರ್ಜಿಯಲ್ಲಿ, ಶಾಲೆಯ ತರಗತಿಯಲ್ಲಿ, ಬಸ್ಸಿನ ಫಲಕದಲ್ಲಿ ನಾವು ದಿನವೂ ಎದುರಿಸುವ ಪ್ರಶ್ನೆ ಅದು. ಹೆಚ್ಚು ಬಲವಿದ್ದವರು ತುಸು ನಿಧಾನಿಸಿ, ಹಿಂದೆ ತಿರುಗಿ ನೋಡಿ ಹೋಗಬೇಕೆಂದು ನಾವು ಕೇಳುತ್ತ ಬಂದಿದ್ದೇವೆ; ಕೇಳುವುದು ನ್ಯಾಯ. ಹಾಗಿದ್ದ ಮೇಲೆ, ನಮ್ಮ ಮಕ್ಕಳು ಸಾವಿರಾರು ರೂಪಾಯಿಯ ಸೈಕಲೇರಿ ಬೇರೊಬ್ಬರ ಬೆಟ್ಟಕ್ಕೆ ಹೋದಾಗ ಬಲವಿರುವುದು ಅವರ ಕೈಯಲ್ಲಿ. ಆಗ ಅವರು ನಡೆದುಕೊಳ್ಳುವ ರೀತಿಯಲ್ಲಿ ನಮ್ಮ ಮಾತಿನ ಬೆಲೆ ತಿಳಿಯುತ್ತದೆ.

ಬರುವ ಆಟಿಯಲ್ಲಿ ಬಿಡುವಿದ್ದವರು ಈರೋಡಿಗೆ ರೈಲು ಹಿಡಿದು, ಅಲ್ಲಿಂದ ಬಸ್ಸಿನಲ್ಲಿ ಅಂತಿಯೂರಿನ ಜಾತ್ರೆಗೆ ಹೋಗಿ ಬರಬಹುದು. ಮಂಗಳೂರಿನಿಂದ ಚೆನ್ನೈಗೆ ಹೋಗುವ ನಮ್ಮ ರೈಲುಗಳು ಈರೋಡಿನ ಮೇಲಿಂದಲೇ ಹೋಗುತ್ತವೆ. ಸೈಕಲಿನ ಹುಚ್ಚಿರುವ ಹುಡುಗರನ್ನೂ ಜತೆಗೆ ಕರೆದೊಯ್ಯಿರಿ. ಕುದುರೆಯ ಹತ್ತಿರ ಹೇಗೆ ಹೋಗಬೇಕೆಂದು ಅದರ ಧಣಿಯಿಂದ ಕೇಳಿ ತಿಳಿಯಲಿ. ಕಂದು ದನಗಳ ಬಳಿ ಕುಳಿತ ಬೆಟ್ಟದವರನ್ನು ಕನ್ನಡದಲ್ಲಿಯೇ ಮಾತನಾಡಿಸಲಿ. ಉತ್ತರ ಕನ್ನಡದಲ್ಲಿಯೇ ಬಂದೀತು. ಮುಂದೆ ಎಂದಾದರೂ ಆ ಬೆಟ್ಟದ ದಾರಿಯಲ್ಲಿ ಅಂಥದೇ ಹಿಂಡು ಎದುರಾದರೆ, ಸೈಕಲಿನಿಂದ ಇಳಿಯಿರೆಂದು ಬೇರೆ ಯಾರೂ ಅವರಿಗೆ ಹೇಳಬೇಕಾಗಲಾರದು.